ನೀರಿನ ಕಥೆ ಹೇಳುವ ಗೋಡೆ: ಚಿತ್ರದುರ್ಗದ ಪೇಟೆಯಲ್ಲಿ ಭಿತ್ತಿಚಿತ್ರ ಮತ್ತು ಇಂಗುಬಾವಿ ಮಾಡುವ ಬಗೆ

ಚಿತ್ರದುರ್ಗದ ಕೋಟೆಯೊಳಗೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ಸೇರುತ್ತದೆ. ಅದು ತುಂಬಿ ಹೆಚ್ಚಾದ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ ಮತ್ತು ಪೇಟೆಯ ಸಂತೆ ಹೊಂಡಕ್ಕೆ ಇಳಿಯುವಂತೆ ಹಿಂದಿನವರು ಏರ್ಪಾಡು ಮಾಡಿದ್ದರು. ಇವತ್ತು ಊರಿಗೆ ಕುಡಿಯುವ ನೀರು ಶಾಂತಿಸಾಗರದಿಂದ, ವಾಣಿವಿಲಾಸ ಸಾಗರದಿಂದ ಪೈಪಿನಲ್ಲಿ ಬರುತ್ತದೆ. ಪೇಟೆಯ ಚಾವಣಿಗಳ ಮೇಲೆ ಬಿದ್ದ ಮಳೆ ಮಾತ್ರ ನೇರ ಚರಂಡಿಗೆ ಹೋಗುತ್ತದೆ.

ಸಂತೆಪೇಟೆ, ಲಕ್ಷ್ಮೀ ಬಜಾರ್, ಗಾಂಧಿ ವೃತ್ತದ ಆಸುಪಾಸಿನಲ್ಲಿ ಪರಿಸರದ ಬಗ್ಗೆ ಗೋಡೆಚಿತ್ರ ಬರೆಸಬೇಕು ಎಂದುಕೊಂಡ ಶಾಲೆ, ಯುವಕ ಸಂಘ, ವರ್ತಕರ ಸಂಘದವರಿಗಾಗಿ ಈ ಮಾರ್ಗದರ್ಶಿ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ನೀರು ಉಳಿಸಿ ಎಂದು ಬರೆದ ಗೋಡೆಯ ಪಕ್ಕದಲ್ಲೇ ಆ ಕಟ್ಟಡದ ಮಳೆನೀರು ಚರಂಡಿಗೆ ಬೀಳುತ್ತಿದ್ದರೆ ಆ ಚಿತ್ರಕ್ಕೆ ಅರ್ಥವಿಲ್ಲ. ಬರೆದ ಬಣ್ಣದ ಡಬ್ಬಿ ತೊಳೆದ ನೀರು ಸಂತೆ ಹೊಂಡದ ಕಡೆ ಹರಿದರೆ ಇನ್ನೂ ಕೆಟ್ಟದ್ದು. ಆದ್ದರಿಂದ ಚಿತ್ರ, ಬಣ್ಣದ ವಿಲೇವಾರಿ, ಮಳೆನೀರನ್ನು ನೆಲದೊಳಗೆ ಇಳಿಸುವ ಇಂಗುಬಾವಿ ಈ ಮೂರನ್ನೂ ಒಂದೇ ಕೆಲಸವೆಂದು ತಿಳಿದು ಹೊರಡಿ. ಲೆಕ್ಕಕ್ಕೆ 40 ಅಡಿ ಉದ್ದ, 10 ಅಡಿ ಎತ್ತರದ ಗೋಡೆ ಮತ್ತು 1,000 ಚದರ ಅಡಿಯ ಚಾವಣಿ ಹಿಡಿದಿದ್ದೇವೆ. ನಿಮ್ಮ ಅಳತೆಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಮೊದಲು ಗೋಡೆಯನ್ನು ಓದಿ

ಬಣ್ಣ ಉದುರಿ ಹೋದ ಗೋಡೆಚಿತ್ರಗಳಲ್ಲಿ ಹೆಚ್ಚಿನವು ಕೆಟ್ಟಿರುವುದು ಬಣ್ಣದಿಂದಲ್ಲ, ಗೋಡೆ ಯಾವ ಜಾತಿಯದು ಎಂದು ನೋಡದೆ ಬಣ್ಣ ಬಳಿದದ್ದರಿಂದ. ಪೇಟೆಯಲ್ಲಿ ಎರಡು ಬಗೆಯ ಗೋಡೆಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಹಳೆಯವು ಕಲ್ಲು ಅಥವಾ ಇಟ್ಟಿಗೆಗೆ ಮಣ್ಣು, ಸುಣ್ಣದ ಗಾರೆ ಹಾಕಿ ಕಟ್ಟಿದವು. ಹೊಸವು ಸಿಮೆಂಟಿನವು. ಹಳೆಯ ಗೋಡೆ ನೆಲದಿಂದ ತೇವ ಹೀರಿ ಮೈಯಿಂದ ಹೊರಗೆ ಬಿಡುತ್ತದೆ. ಅದರ ಮೇಲೆ ಎಮಲ್ಷನ್ (ನೀರು ಬೆರೆಸಿ ಬಳಿಯುವ, ಒಣಗಿದಾಗ ಪ್ಲಾಸ್ಟಿಕ್‌ನಂಥ ಪದರವಾಗುವ ಬಣ್ಣ) ಬಳಿದರೆ ತೇವಕ್ಕೆ ದಾರಿ ಮುಚ್ಚಿದಂತಾಗಿ, ಒಂದೆರಡು ಮಳೆಗಾಲದಲ್ಲಿ ಬಣ್ಣ ಗುಳ್ಳೆ ಎದ್ದು, ಗಾರೆಯ ಸಮೇತ ಹಾಳೆಹಾಳೆಯಾಗಿ ಬೀಳುತ್ತದೆ. ಇಂಥ ಗೋಡೆಗೆ ಸುಣ್ಣವೇ ಸರಿ. ಸಿಮೆಂಟ್ ಗೋಡೆಗೆ ಎಮಲ್ಷನ್ ನಡೆಯುತ್ತದೆ.

ಗುರುತಿಸಲು ನಾಲ್ಕು ಪರೀಕ್ಷೆ ಸಾಕು. ಮರೆಯಾದ ಮೂಲೆಯಲ್ಲಿ ಮೊಳೆಯಿಂದ ಕೆರೆದು ನೋಡಿ: ಸುಲಭವಾಗಿ ಪುಡಿ ಉದುರಿದರೆ ಮಣ್ಣು ಅಥವಾ ಸುಣ್ಣದ ಗಾರೆ, ಬರೇ ಗೀರು ಬಿದ್ದರೆ ಸಿಮೆಂಟು. ಗೋಡೆಗೆ ನೀರು ಎರಚಿ: ತಕ್ಷಣ ಹೀರಿಕೊಂಡರೆ ಮೈ ತೆರೆದಿದೆ, ಹನಿಯಾಗಿ ಜಾರಿದರೆ ಮೇಲೆ ಹಳೆಯ ಪೇಂಟಿನ ಪದರವಿದೆ. ಅಂಗೈ ಉಜ್ಜಿ ನೋಡಿ: ಬಿಳಿ ಪುಡಿ ದಪ್ಪಗೆ ಅಂಟಿದರೆ ಹಳೆಯ ಡಿಸ್ಟೆಂಪರ್ (ಸೀಮೆಸುಣ್ಣದ ಪುಡಿಯ ಅಗ್ಗದ ಬಣ್ಣ) ಇದೆ, ಅದನ್ನು ತೊಳೆದು ತೆಗೆಯದೆ ಯಾವ ಬಣ್ಣವೂ ಹಿಡಿಯದು. ಕೊನೆಯದಾಗಿ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ ಒಂದು ಹಗಲು ಒಂದು ರಾತ್ರಿ ಬಿಡಿ. ಒಳಗೆ ಬೆವರಿದ್ದರೆ ಗೋಡೆಯಲ್ಲಿ ತೇವವಿದೆ. ಬಣ್ಣದ ಮಾತು ಬಿಟ್ಟು ಮೊದಲು ಸೋರುವ ಪೈಪ್, ಒಡೆದ ಚರಂಡಿ, ಚಾವಣಿಯ ಬಿರುಕು ಹುಡುಕಿ.

ಗೋಡೆಯ ಮೈಮೇಲೆ ಬಿಳಿ ಉಪ್ಪು ಬಂದಿದ್ದರೆ ಒಣ ಬ್ರಷ್‌ನಿಂದ ಗುಡಿಸಿ ತೆಗೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ. ಹಳೆಯ ಆಯಿಲ್ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಅದನ್ನು ಒಣಗಿದಂತೆಯೇ ಉಜ್ಜಬೇಡಿ. ನೀರು ಚಿಮುಕಿಸಿ, ಕೆಳಗೆ ತಾಡಪಾಲು ಹಾಸಿ, ಕೆರೆದು, ಚೂರನ್ನೆಲ್ಲ ಚೀಲಕ್ಕೆ ತುಂಬಿ ಕಟ್ಟಿ. ಮಕ್ಕಳನ್ನು ಈ ಹಂತದಲ್ಲಿ ಹತ್ತಿರ ಬಿಡಬಾರದು.

ದಿಕ್ಕೂ ಮುಖ್ಯ. ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಗೆ ಮಧ್ಯಾಹ್ನದ ಬಿಸಿಲು ಪೂರ್ತಿ ಬಡಿಯುತ್ತದೆ, ಬಣ್ಣ ಬೇಗ ಮಾಸುತ್ತದೆ. ಉತ್ತರ ಅಥವಾ ಪೂರ್ವಾಭಿಮುಖ ಸಿಕ್ಕರೆ ಅದನ್ನೇ ಹಿಡಿಯಿರಿ. ಹೊಸ ಸಿಮೆಂಟ್ ಪ್ಲಾಸ್ಟರ್ ಆಗಿದ್ದರೆ ಕನಿಷ್ಠ 28 ದಿನ ಆಗಿರಬೇಕು, ಇಲ್ಲದಿದ್ದರೆ ಅದರ ಕ್ಷಾರ ಬಣ್ಣವನ್ನು ತಿನ್ನುತ್ತದೆ.

ಕೇಳಬೇಕಾದವರನ್ನು ಕೇಳಿ

ಗೋಡೆಯ ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಎಷ್ಟು ವರ್ಷ ಚಿತ್ರ ಉಳಿಸುತ್ತಾರೆ, ಮರುಬಣ್ಣಕ್ಕೆ ಯಾರು ಬರುತ್ತಾರೆ ಎಂಬುದು ಅದರಲ್ಲಿರಲಿ. ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ಅನುಮತಿಯಿಲ್ಲದೆ ಬರೆಯುವುದಕ್ಕೆ, ಅಂಟಿಸುವುದಕ್ಕೆ 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಅನ್ವಯಿಸುತ್ತದೆ. ಹಾಗಾಗಿ ನಗರಸಭೆಗೆ ಚಿತ್ರದ ನಕ್ಷೆ ಸಮೇತ ಅರ್ಜಿ ಕೊಡಿ. ರಸ್ತೆ ಅಗಲೀಕರಣದ ಗುರುತು ಆ ಗೋಡೆಯ ಮೇಲಿದೆಯೇ ಎಂದೂ ಅಲ್ಲೇ ಕೇಳಿ.

ಕೋಟೆಯ ಗೋಡೆ, ಬತೇರಿ, ಬಾಗಿಲು, ಹಳೆಯ ಹೊಂಡದ ಕಲ್ಲುಗಳ ಮೇಲೆ ಒಂದು ಗೆರೆಯನ್ನೂ ಎಳೆಯಕೂಡದು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಇಂಗುಬಾವಿ ತೋಡುವುದೆಂದರೆ ನೆಲ ಅಗೆಯುವುದು. ಕೋಟೆಯ ಕಡೆಯ ಬೀದಿಗಳಲ್ಲಿ ಪುರಾತತ್ವ ಇಲಾಖೆಯನ್ನು ಕೇಳದೆ ಗುದ್ದಲಿ ಹಾಕಬೇಡಿ. ಗೋಡೆಯ ಮುಂದೆ ವಿದ್ಯುತ್ ತಂತಿ ಹಾದಿದ್ದರೆ ಸಾರುವೆ ಕಟ್ಟುವ ಮೊದಲು ಬೆಸ್ಕಾಂಗೆ ತಿಳಿಸಿ.

ಏನು ಬರೆಯುವುದು

ಅಂಗೈಯಲ್ಲಿ ಭೂಗೋಳ, ಅಳುವ ಮರ, ನಲ್ಲಿಯಿಂದ ಬೀಳುವ ಕೊನೆಯ ಹನಿ: ಇವು ಯಾವ ಊರಿನ ಗೋಡೆಯ ಮೇಲಾದರೂ ಇರಬಹುದಾದ ಚಿತ್ರಗಳು. ಚಿತ್ರದುರ್ಗದವರಿಗೆ ಚಿತ್ರದುರ್ಗದ್ದೇ ಆದ ವಸ್ತುವಿದೆ. ಬೆಟ್ಟದಿಂದ ಸಂತೆ ಹೊಂಡದವರೆಗಿನ ನೀರಿನ ದಾರಿಯನ್ನೇ ಉದ್ದಕ್ಕೆ ಬರೆಯಿರಿ. 40 ಅಡಿ ಗೋಡೆಗೆ ಅದು ಹೇಳಿಮಾಡಿಸಿದ ವಿಷಯ. ಕೋಟೆ ಯಾವ ದಿಕ್ಕಿಗಿದೆಯೋ ಚಿತ್ರದಲ್ಲೂ ಬೆಟ್ಟ ಆ ಬದಿಗೇ ಬರಲಿ, ನೋಡಿದವರು ಅದೇ ದಿಕ್ಕಿಗೆ ನಡೆದರೆ ನಿಜವಾದ ಹೊಂಡ ಸಿಗಬೇಕು. ಜೋಗಿಮಟ್ಟಿ ಕಾಡಿನ ಕರಡಿ, ನವಿಲು, ಬೆಟ್ಟದ ಮೇಲಿನ ಗಾಳಿಯಂತ್ರಗಳು, ಬಂಡೆಗಳ ದುಂಡು ಆಕಾರ ಇವೆಲ್ಲ ಈ ಊರಿನ ಕಣ್ಣಿಗೆ ಪರಿಚಿತ. ಇನ್ನೊಂದು ಒಳ್ಳೆಯ ವಸ್ತು ವಾಣಿವಿಲಾಸ ಸಾಗರ: 1933ರ ನಂತರ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ಎರಡು ಇಸವಿಗಳನ್ನು ನೀರಿನ ಮಟ್ಟದ ಎರಡು ಗೆರೆಯಾಗಿ ತೋರಿಸಿದರೆ ಭಾಷಣವೇ ಬೇಕಿಲ್ಲ.

ಬರಹ ಕಡಿಮೆ ಇರಲಿ. ಅಕ್ಷರದ ಎತ್ತರಕ್ಕೆ ಲೆಕ್ಕ ಸುಲಭ: ನೋಡುವವರು ನಿಲ್ಲುವ ಪ್ರತಿ 10 ಅಡಿ ದೂರಕ್ಕೆ ಒಂದು ಅಂಗುಲ. ರಸ್ತೆಯ ಆಚೆ ಬದಿ 30 ಅಡಿ ಇದ್ದರೆ 3 ಅಂಗುಲಕ್ಕೆ ಕಡಿಮೆ ಬೇಡ. ಕನ್ನಡದ ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಅಕ್ಷರದಷ್ಟೇ ಜಾಗ ಬಿಡಿ. ಇಕ್ಕಟ್ಟಾದರೆ ಒತ್ತು ಮುಂದಿನ ಸಾಲಿಗೆ ತಾಗಿ ಓದಲು ಆಗುವುದಿಲ್ಲ.

ಕೆಳಗಿನ 2 ಅಡಿಗೆ ಚಿತ್ರವೇ ಬೇಡ. ಮಳೆಯಲ್ಲಿ ನೆಲದ ಕೆಸರು ಸಿಡಿಯುವುದು, ಬೈಕಿನ ಹ್ಯಾಂಡಲ್ ಉಜ್ಜುವುದು, ಎಲೆ ಅಡಿಕೆ ಉಗಿಯುವುದು ಎಲ್ಲ ಅಲ್ಲೇ. ನಮ್ಮ ದೇವಸ್ಥಾನ, ಮನೆಗಳ ಗೋಡೆಯಂತೆ ಸುಣ್ಣ-ಕೆಮ್ಮಣ್ಣಿನ ಪಟ್ಟೆ ಎಳೆದುಬಿಡಿ. ನೋಡಲೂ ಚಂದ, ಹಾಳಾದರೆ ಒಂದು ಬೆಳಗ್ಗೆ ಮತ್ತೆ ಬಳಿಯಬಹುದು. ಹಾಗೆ ಚಿತ್ರಕ್ಕೆ ಉಳಿಯುವುದು 40 ಅಡಿಗೆ 8 ಅಡಿ, ಅಂದರೆ 320 ಚದರ ಅಡಿ.

ಸುಣ್ಣ ಅರಳಿಸಿ ಬಣ್ಣ ಮಾಡುವುದು

ಹಳೆಯ ಗೋಡೆಗೆ ಈ ಕೆಲಸವನ್ನು ತಿಂಗಳು ಮೊದಲೇ ಶುರು ಮಾಡಬೇಕು. ಬೇಕಾದದ್ದು 10 ಕಿಲೋ ಸುಣ್ಣದ ಹರಳು (ಇನ್ನೂ ನೀರು ತಾಗದ ಸುಟ್ಟ ಸುಣ್ಣ), ಒಂದು ಕಬ್ಬಿಣದ ಡ್ರಮ್, ಉದ್ದನೆಯ ಕೋಲು, ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ, ರಬ್ಬರ್ ಕೈಗವಸು.

1. ಡ್ರಮ್ಮಿಗೆ ಮೊದಲು 30 ಲೀಟರ್ ನೀರು ಹಾಕಿ. ಆಮೇಲೆ ಹರಳನ್ನು ಸ್ವಲ್ಪ ಸ್ವಲ್ಪವೇ ಬಿಡಿ. ಹರಳಿನ ಮೇಲೆ ನೀರು ಸುರಿಯುವುದು ಅಪಾಯ: ಕುದಿದು ಮುಖಕ್ಕೆ ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ ಈ ಶಾಖಕ್ಕೆ ಮೆತ್ತಗಾಗಿ ಕುಸಿಯುತ್ತದೆ.

2. ಕುದಿ ನಿಂತ ಮೇಲೆ ಕೋಲಿನಿಂದ ಚೆನ್ನಾಗಿ ಕದಡಿ, ಸುಣ್ಣದ ಮೇಲೆ ಮೂರು ಅಂಗುಲ ನೀರು ನಿಲ್ಲುವಂತೆ ಮುಚ್ಚಿಡಿ. 15 ದಿನ ಕನಿಷ್ಠ, ತಿಂಗಳಾದರೆ ಇನ್ನೂ ಮೇಲು. ಅರಳದ ಹರಳು ಉಳಿದರೆ ಅದು ಗೋಡೆಯ ಮೇಲೆ ಅರಳಿ ಚಿತ್ರದಲ್ಲಿ ಚಿಕ್ಕ ಕುಳಿ ಬೀಳುತ್ತದೆ.

3. ಬಳಸುವಾಗ ಬಟ್ಟೆಯಲ್ಲಿ ಸೋಸಿ, ಒಟ್ಟು 50 ಲೀಟರ್ ಆಗುವಂತೆ ನೀರು ಬೆರೆಸಿ. ಹಾಲಿನಷ್ಟು ತೆಳುವಿರಬೇಕು. ಕಿಲೋ ಸುಣ್ಣಕ್ಕೆ 4 ಗ್ರಾಂ ಲೆಕ್ಕದಲ್ಲಿ ಜಾಲಿ ಅಂಟನ್ನು ಬಿಸಿನೀರಿನಲ್ಲಿ ಕರಗಿಸಿ ಸೇರಿಸಿ.

ಹರಳು ಸಿಗದೆ ಪುಡಿ ಸುಣ್ಣ ತರುವುದಾದರೆ ಚೀಲ ಹೊಸದಿರಲಿ. ಒಂದು ಚಮಚಕ್ಕೆ ನಿಂಬೆರಸ ಹಿಂಡಿ ನೋಡಿ. ಜೋರಾಗಿ ನೊರೆ ಬಂದರೆ ಗಾಳಿ ತಾಗಿ ಸತ್ತ ಸುಣ್ಣ, ಗೋಡೆಗೆ ಕಚ್ಚದೆ ಕೈಗೆ ಅಂಟುತ್ತದೆ.

ಸುಣ್ಣದ ಕ್ಷಾರವನ್ನು ತಡೆಯುವ ಬಣ್ಣಗಳನ್ನಷ್ಟೇ ಬೆರೆಸಬೇಕು: ಕೆಂಪು, ಹಳದಿ, ಕಪ್ಪು ಆಕ್ಸೈಡ್, ಹಸಿರಿಗೆ ಕ್ರೋಮ್ ಆಕ್ಸೈಡ್, ನೀಲಿಗೆ ಅಲ್ಟ್ರಾಮರೀನ್. ಪ್ರಷ್ಯನ್ ಬ್ಲೂ ಹಾಕಿದರೆ ಕೆಲವೇ ದಿನದಲ್ಲಿ ಕಂದು ತಿರುಗುತ್ತದೆ. ಒಂದು ಕಿಲೋ ಸುಣ್ಣಕ್ಕೆ 100 ಗ್ರಾಂ ಬಣ್ಣ ದಾಟಬಾರದು, ಹೆಚ್ಚಾದರೆ ಹಿಡಿತ ತಪ್ಪಿ ಪುಡಿ ಉದುರುತ್ತದೆ. ಪುಡಿಯನ್ನು ರಾತ್ರಿಯೇ ನೀರಲ್ಲಿ ನೆನೆಸಿ ಬೆಳಗ್ಗೆ ಬೆರೆಸಿ. ಹಸಿಯಾಗಿದ್ದಾಗ ಕಾಣುವ ಬಣ್ಣ ಒಣಗಿದ ಮೇಲೆ ಬಹಳ ತಿಳಿಯಾಗುತ್ತದೆ. ಗೋಡೆಯ ಮೂಲೆಯಲ್ಲಿ ತುಂಡು ಬಳಿದು ಎರಡು ದಿನ ಕಾಯದೆ ತೀರ್ಮಾನ ಮಾಡಬೇಡಿ.

ಬಳಿಯುವ ಮುನ್ನ ಗೋಡೆಗೆ ನೀರು ಚಿಮುಕಿಸಿ ತೇವ ಮಾಡಿ. ಒಂದು ದಿನಕ್ಕೆ ಒಂದೇ ಕೈ (ಒಂದು ಸಲದ ಬಳಿತ), ತೆಳ್ಳಗೆ, ನಾಲ್ಕರಿಂದ ಐದು ಕೈ. ದಪ್ಪಗೆ ಎರಡೇ ಕೈಯಲ್ಲಿ ಮುಗಿಸಿದವರ ಗೋಡೆ ಬಿರಿಯುತ್ತದೆ. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ, ಅದಕ್ಕೆ ತೇವ ಬೇಕು. ಬಿಸಿಲಿಗೆ ಬೇಗ ಒಣಗಿದರೆ ಗಟ್ಟಿಯಾಗದೆ ಪುಡಿಯಾಗಿಯೇ ಉಳಿಯುತ್ತದೆ. ಹಾಗಾಗಿ ಹಿಂಗಾರು ಮುಗಿದ ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ, ಬೆಳಗಿನ ಹೊತ್ತು ಕೆಲಸ ಮಾಡಿ. ಜೂನ್‌ನಿಂದ ಆಗಸ್ಟ್‌ವರೆಗಿನ ದುರ್ಗದ ಗಾಳಿ ಹಸಿ ಬಣ್ಣಕ್ಕೆ ಧೂಳು ಮೆತ್ತುತ್ತದೆ. ಎಮಲ್ಷನ್ ಇರುವ ಗೋಡೆಗೆ ಸುಣ್ಣ ಎಷ್ಟು ಬಳಿದರೂ ಕಚ್ಚುವುದಿಲ್ಲ, ಹಳೆಯ ಪದರ ಪೂರ್ತಿ ಹೋಗಬೇಕು. ಮುಗಿದ ಮೇಲೆ ವಾರ್ನಿಷ್ ಹೊಡೆಯಬೇಡಿ, ಬಿಟ್ಟ ಉಸಿರಾಟದ ದಾರಿಯನ್ನು ಮತ್ತೆ ಮುಚ್ಚಿದಂತೆ.

ಸುಣ್ಣ ಕಣ್ಣಿಗೆ ಬಿದ್ದರೆ ಉಜ್ಜದೆ, ಶುದ್ಧ ನೀರಿನಿಂದ 20 ನಿಮಿಷ ನಿರಂತರ ತೊಳೆದು, ಹಾಗೇ ಆಸ್ಪತ್ರೆಗೆ ಕರೆದೊಯ್ಯಿರಿ. ಕೆಲಸದ ಜಾಗದಲ್ಲಿ ಒಂದು ಕೊಡ ತಿಳಿನೀರು ಸದಾ ಇರಲಿ.

ಸಿಮೆಂಟ್ ಗೋಡೆಗಾದರೆ

ಹೊರಗೋಡೆಯ ಅಕ್ರಿಲಿಕ್ ಎಮಲ್ಷನ್ ತನ್ನಿ. ಆಯಿಲ್ ಪೇಂಟ್, ಟರ್ಪೆಂಟೈನ್ ಹತ್ತಿರ ಸುಳಿಯಬೇಡಿ. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ 2017ರ ನವೆಂಬರ್‌ನಿಂದ ದೇಶದಲ್ಲಿ ಜಾರಿಯಲ್ಲಿದೆ. ಆ ಮಾತು ಡಬ್ಬಿಯ ಮೇಲೆ ಮುದ್ರಿಸಿದೆಯೇ ನೋಡಿ, ಹೆಸರಿಲ್ಲದ ಬಿಡಿ ಡಬ್ಬಿ ಬೇಡ. 320 ಚದರ ಅಡಿಗೆ ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ತಳಪದರ) 3ರಿಂದ 4 ಲೀಟರ್, ಎರಡು ಕೈಗೆ ಎಮಲ್ಷನ್ ಒಟ್ಟು 7 ಲೀಟರ್ ಸಾಕು. ಬಿಳಿ 4 ಲೀಟರ್ ತಂದು, ಉಳಿದ ಬಣ್ಣಗಳನ್ನು ಅರ್ಧ, ಒಂದು ಲೀಟರಿನಂತೆ ತನ್ನಿ. ಹೊಳೆಯುವ ಫ್ಲೋರೆಸೆಂಟ್ ಬಣ್ಣ ಒಂದೇ ಬೇಸಿಗೆಗೆ ಬಿಳುಚುತ್ತದೆ. ಸುಡುವ ಗೋಡೆಗೆ ಬಳಿದರೆ ಬಣ್ಣ ಹರಡುವ ಮೊದಲೇ ಒಣಗಿ ಬ್ರಷ್ಷಿನ ಗೆರೆ ಉಳಿಯುತ್ತದೆ, ಕೈ ಇಟ್ಟು ತಡೆಯಲಾರದಷ್ಟು ಬಿಸಿಯಿದ್ದರೆ ನೆರಳು ಬರುವವರೆಗೆ ಕಾಯಿರಿ.

ಚಿತ್ರವನ್ನು ಗೋಡೆಗೆ ಇಳಿಸುವುದು

ಕಾಗದದಲ್ಲಿ ಒಂದು ಅಂಗುಲಕ್ಕೆ ಒಂದು ಅಡಿ ಲೆಕ್ಕದಲ್ಲಿ, ಅಂದರೆ 40 ಅಂಗುಲಕ್ಕೆ 8 ಅಂಗುಲದ ನಕ್ಷೆ ಬರೆದು ಅಂಗುಲದ ಚೌಕ ಹಾಕಿ. ಗೋಡೆಯ ಮೇಲೆ ಅಡಿ ಚೌಕ. ದಾರಕ್ಕೆ ಬಣ್ಣದ ಪುಡಿ ಸವರಿ, ಎರಡು ಕಡೆ ಬಿಗಿಹಿಡಿದು, ನಡುವೆ ಎಳೆದು ಬಿಟ್ಟರೆ ಗೆರೆ ಬೀಳುತ್ತದೆ. ಒಂದೊಂದು ಚೌಕವನ್ನೂ ನೋಡಿ ನೋಡಿ ಬರೆಯುವ ಈ ಪದ್ಧತಿಯಲ್ಲಿ ಹೈಸ್ಕೂಲು ಮಕ್ಕಳೂ ಕೈಜೋಡಿಸಬಹುದು.

ಇಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ದುರ್ಗದ ಪೇಟೆ ಬೀದಿಗಳು ಇಳಿಜಾರು. ರಸ್ತೆಯಿಂದ ಇಷ್ಟು ಅಡಿ ಮೇಲೆ ಎಂದು ಅಳೆದು ಗೆರೆ ಹೊಡೆದರೆ ಗೆರೆಯೂ ಇಳಿಜಾರಾಗುತ್ತದೆ. ಬೆಟ್ಟ, ಮರಕ್ಕೆ ಅದು ನಡೆದೀತು. ಹೊಂಡದ ನೀರಿಗೆ ನಡೆಯದು, ಓರೆಯಾದ ನೀರು ಎಂಥವರ ಕಣ್ಣಿಗೂ ಚುಚ್ಚುತ್ತದೆ. ಆದ್ದರಿಂದ ಗಾರೆಯವರು ಬಳಸುವ ಪಾರದರ್ಶಕ ಪೈಪಿಗೆ ನೀರು ತುಂಬಿ, ಗೋಡೆಯ ಎರಡೂ ತುದಿಯಲ್ಲಿ ಮಟ್ಟ ಹಿಡಿದು ಮೊದಲ ಗೆರೆ ಹಾಕಿ. ಉಳಿದ ಅಡ್ಡಗೆರೆಗಳೆಲ್ಲ ಅದರಿಂದಲೇ ಹುಟ್ಟಲಿ, ಉದ್ದಗೆರೆಗಳಿಗೆ ತೂಗುಗುಂಡು. ಪೈಪಿನೊಳಗೆ ಗಾಳಿಗುಳ್ಳೆ ಉಳಿದಿದ್ದರೆ ಮಟ್ಟ ಸುಳ್ಳು ಹೇಳುತ್ತದೆ.

ಬಣ್ಣ ತೊಳೆದ ನೀರು

ಬ್ರಷ್ ತೊಳೆಯುವುದಕ್ಕೆ ನಲ್ಲಿಯ ಕೆಳಗೆ ಹೋಗಬಾರದು. ಮೂರು ಬಕೆಟ್ ಇಡಿ. ಮೊದಲು ಬ್ರಷ್ಷಿನ ಬಣ್ಣವನ್ನು ಹಳೆಯ ಪೇಪರಿಗೆ ಒರೆಸಿ, ಒಂದನೆಯದರಲ್ಲಿ ತೊಳೆದು, ಎರಡನೆಯದರಲ್ಲಿ, ಮೂರನೆಯದರಲ್ಲಿ ಜಾಲಿಸಿ. ಸಂಜೆ ಎಮಲ್ಷನ್ ನೀರಿನ ಬಕೆಟಿಗೆ ಎರಡು ಚಮಚ ಪಟಿಕದ ಪುಡಿ ಕದಡಿ ಇಟ್ಟರೆ ಬೆಳಗ್ಗೆಗೆ ಬಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮರುದಿನ ಮೊದಲ ತೊಳೆತಕ್ಕೆ ಬಳಸಿ, ತಳದ ಗಸಿಯನ್ನು ಮರಳಿನ ಮೇಲೆ ಸುರಿದು ಒಣಗಿಸಿ. ಒಣಗಿದ ಗಟ್ಟಿ, ಖಾಲಿ ಡಬ್ಬಿ, ಕೆರೆದ ಹಳೆಯ ಪೇಂಟಿನ ಚೀಲ ಇವನ್ನು ಮನೆಯ ಅಪಾಯಕಾರಿ ಕಸವೆಂದು ಹೇಳಿ ನಗರಸಭೆಯ ಗಾಡಿಗೆ ಬೇರೆಯಾಗಿ ಕೊಡಿ.

ಸುಣ್ಣ ಸಹಜ ವಸ್ತು, ಚರಂಡಿಗೆ ಬಿಟ್ಟರೇನಂತೆ ಎನ್ನುವವರಿದ್ದಾರೆ. ಸುಣ್ಣದ ತಿಳಿಯ ಪಿಎಚ್ (ಕ್ಷಾರದ ಅಳತೆ, ಶುದ್ಧ ನೀರಿಗೆ 7) 12 ದಾಟುತ್ತದೆ, ಹೊಂಡ ಸೇರಿದರೆ ಮೀನು, ಕಪ್ಪೆ ಸಾಯುತ್ತವೆ. ಉಳಿದ ಸುಣ್ಣ ಮುಚ್ಚಿಟ್ಟರೆ ಕೆಡುವುದಿಲ್ಲ, ಮುಂದಿನ ವರ್ಷದ ಪಟ್ಟೆಗೆ ಬರುತ್ತದೆ. ಸಂಭ್ರಮದಲ್ಲಿ ರಸ್ತೆಬದಿಯ ಮರದ ಕಾಂಡಕ್ಕೂ ಬಣ್ಣ ಹೊಡೆಯುವ ರೂಢಿಯಿದೆ, ಅದನ್ನು ಬಿಡಿ. ಪೇಂಟಿನ ಪದರ ತೊಗಟೆಯ ಗಾಳಿಯಾಡುವ ರಂಧ್ರಗಳನ್ನು ಮುಚ್ಚುತ್ತದೆ.

ಇಂಗುಬಾವಿ

1,000 ಚದರ ಅಡಿ ಚಾವಣಿಯ ಮೇಲೆ 25 ಮಿ.ಮೀ. ಮಳೆ ಬಂದರೆ ಸೋರಿಕೆ ಕಳೆದು ಸುಮಾರು 2,000 ಲೀಟರ್ ಸಿಗುತ್ತದೆ. 3 ಅಡಿ ವ್ಯಾಸದ ಸಿಮೆಂಟ್ ರಿಂಗ್‌ಗಳನ್ನು 10 ಅಡಿ ಆಳಕ್ಕೆ ಇಳಿಸಿದ ಬಾವಿ ಹಿಡಿಯುವುದೂ ಅಷ್ಟೇ.

ಜಾಗ ಆರಿಸುವಾಗ ಚಿತ್ರದ ಬುಡದಲ್ಲೇ ಇರಲಿ ಎಂಬ ಆಸೆ ಬರುತ್ತದೆ. ಬೇಡ. ಯಾವುದೇ ಗೋಡೆಯ ಪಾಯದಿಂದ 10 ಅಡಿ, ಶೌಚಗುಂಡಿಯಿಂದ 30 ಅಡಿ ದೂರವಿರಬೇಕು. ಮಣ್ಣಿನ ಗಾರೆಯ ಪಾಯಕ್ಕೆ ನೀರು ಇಂಗಿದರೆ ಚಿತ್ರವಷ್ಟೇ ಅಲ್ಲ, ಗೋಡೆಯೇ ಕುಸಿದೀತು. ಕಾಂಪೌಂಡಿನ ಒಳಗೆ, ಎಲ್ಲ ಗೋಡೆಗಳಿಂದ ಅಷ್ಟು ದೂರವಿರುವ ಜಾಗ ಉತ್ತಮ. ಚಾವಣಿಯ ನೀರನ್ನು 4 ಅಂಗುಲ ಪೈಪಿನಲ್ಲಿ ಅಲ್ಲಿಗೆ ಒಯ್ಯಿರಿ, ಪೈಪಿಗೆ ಚಿತ್ರದ ಹೊಂಡದ್ದೇ ನೀಲಿ ಬಳಿದರೆ ಎರಡಕ್ಕೂ ಸಂಬಂಧ ಕಾಣುತ್ತದೆ.

ತೋಡುವ ಮೊದಲು ಅಡಿ ಚೌಕ, ಅಡಿ ಆಳದ ಗುಂಡಿ ತೆಗೆದು ನೀರು ತುಂಬಿ. ಅದು ಇಂಗಿದ ಮೇಲೆ ಎರಡನೇ ಸಲ ತುಂಬಿ ಗಂಟೆಗೆ ಎಷ್ಟು ಇಳಿಯಿತು ಅಳೆಯಿರಿ. ಅರ್ಧ ಅಂಗುಲಕ್ಕಿಂತ ಕಡಿಮೆಯಾದರೆ ಆ ಜಾಗ ಪ್ರಯೋಜನವಿಲ್ಲ. ದುರ್ಗದಲ್ಲಿ ನಾಲ್ಕೈದು ಅಡಿಗೇ ಬಂಡೆ ಸಿಗುವುದೂ ಉಂಟು. ಆಗ ಬಂಡೆ ಒಡೆಯಲು ಹೋಗಬೇಡಿ, 2,000 ಲೀಟರಿನ ತೊಟ್ಟಿ ಇಟ್ಟು ಗಿಡಕ್ಕೆ, ಅಂಗಳ ತೊಳೆಯಲು ಬಳಸಿ.

ನೆಲ ಒಪ್ಪಿದರೆ 4 ಅಡಿ ವ್ಯಾಸದಲ್ಲಿ ತೋಡಿಸಿ. ಮಣ್ಣು ಸಡಿಲವಿದ್ದರೆ ಅಂಚು ಕುಸಿಯುತ್ತದೆ, ಒಬ್ಬರು ಒಳಗಿದ್ದಾಗ ಮೇಲೆ ಒಬ್ಬರು ಹಗ್ಗ ಹಿಡಿದು ನಿಂತಿರಲೇಬೇಕು. ಅಡಿ ಎತ್ತರದ ರಿಂಗ್ 10 ಬೇಕು. ಕೆಳಗಿನ ಎಂಟಕ್ಕೆ ನಡುವೆ ಸಿಮೆಂಟ್ ಹಾಕದೆ ಜೋಡಿಸಿ, ಆ ಸಂದಿನಿಂದಲೇ ನೀರು ಇಂಗುವುದು. ಮೇಲಿನ ಎರಡಕ್ಕೆ ಸಿಮೆಂಟ್ ಹಾಕಿ. ರಿಂಗಿನ ಸುತ್ತ ಉಳಿದ ಅರ್ಧ ಅಡಿಗೆ 20 ಮಿ.ಮೀ. ಜಲ್ಲಿ, ತಳಕ್ಕೆ ಒಂದು ಅಡಿ 40 ಮಿ.ಮೀ. ಜಲ್ಲಿ. ಬಾವಿಗೆ ಮೊದಲು 2 ಅಡಿ ಘನದ ಹೂಳುಗುಂಡಿ ಕಟ್ಟಿ, ಅದರಿಂದ ಬಾವಿಗೆ ಹೋಗುವ ಪೈಪಿನ ಬಾಯಿಗೆ ಜಾಲರಿ ಹಾಕಿ. ಹೂಳುಗುಂಡಿಯಿಲ್ಲದ ಬಾವಿ ಕೆಲವೇ ಮಳೆಗಾಲಕ್ಕೆ ಎಲೆ, ಮಣ್ಣು ತುಂಬಿ ಕಟ್ಟಿಕೊಳ್ಳುತ್ತದೆ. ಮೇಲೆ ಕಾಂಕ್ರೀಟ್ ಚಪ್ಪಡಿ, ಬೀಗ ಹಾಕುವ ಮುಚ್ಚಳ.

ರಸ್ತೆಯ ನೀರು, ಚರಂಡಿಯ ನೀರು, ಗ್ಯಾರೇಜಿನ ಮುಂದಿನ ನೀರು ಯಾವ ಕಾರಣಕ್ಕೂ ಈ ಬಾವಿಗೆ ಬರಬಾರದು. ಒಮ್ಮೆ ಕೊಳೆ ನೆಲದೊಳಗೆ ಇಳಿದರೆ ಸುತ್ತಲಿನ ಬೋರ್‌ವೆಲ್ ಎಲ್ಲ ಕೆಡುತ್ತವೆ, ಹಿಂದಕ್ಕೆ ತೆಗೆಯುವ ದಾರಿಯಿಲ್ಲ. ಇಳಿಪೈಪಿನಲ್ಲಿ ಒಂದು ಮುಚ್ಚಳ ಇಟ್ಟು ವರ್ಷದ ಮೊದಲ ಮಳೆಯನ್ನು ಹೊರಗೆ ಬಿಡಿ, ಬೇಸಿಗೆಯ ಧೂಳು, ಪಾರಿವಾಳದ ಹಿಕ್ಕೆ ಅದರೊಂದಿಗೆ ಹೋಗುತ್ತದೆ.

ಆಮೇಲಿನ ವರ್ಷಗಳು

ಸುಣ್ಣದ ಚಿತ್ರಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ಒಂದು ಕೈ ಬೇಕು. ಎಮಲ್ಷನ್ ಐದಾರು ವರ್ಷ ತಡೆಯುತ್ತದೆ. ಪೋಸ್ಟರ್ ಅಂಟಿಸಿದ್ದರೆ ಹರಿಯಬೇಡಿ, ಮೈದಾ ಅಂಟು ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿ. ಪ್ರತಿ ಬಣ್ಣದ ಅರ್ಧ ಲೀಟರ್ ಉಳಿಸಿ, ಡಬ್ಬಿಯ ಮೇಲೆ ಬಣ್ಣದ ನಂಬರು, ಬೆರೆಸಿದ ಪ್ರಮಾಣ, ಚಿತ್ರದ ಯಾವ ಭಾಗಕ್ಕೆ ಬಳಸಿದ್ದು ಎಂದು ಬರೆದಿಡಿ. ಇದನ್ನು ಮಾಡದ ಕಡೆ ತೇಪೆ ಹಾಕಿದ್ದು ಎದ್ದು ಕಾಣುತ್ತದೆ.

ಮೇ ತಿಂಗಳ ಕೊನೆಗೆ ಚಾವಣಿ ಗುಡಿಸಿ, ಹೂಳುಗುಂಡಿ ಖಾಲಿ ಮಾಡಿ, ಜಾಲರಿ ಬಿಚ್ಚಿ ತೊಳೆದು ಹಾಕಿ. ಮಳೆ ನಿಂತು ಎರಡು ದಿನವಾದರೂ ಬಾವಿಯಲ್ಲಿ ನೀರು ಹಾಗೇ ನಿಂತಿದ್ದರೆ ತಳದ ಜಲ್ಲಿಗೆ ಹೂಳು ಕಟ್ಟಿದೆ ಎಂದರ್ಥ. ಬೇಸಿಗೆಯಲ್ಲಿ ಮುಚ್ಚಳ ತೆಗೆದು ಒಂದು ದಿನ ಗಾಳಿಯಾಡಲು ಬಿಟ್ಟು, ಆಮೇಲೆ ನುರಿತವರನ್ನು ಹಗ್ಗ ಕಟ್ಟಿ ಇಳಿಸಿ, ಆ ಒಂದು ಅಡಿ ಜಲ್ಲಿಯನ್ನು ಮೇಲೆತ್ತಿಸಿ ತೊಳೆದು ಮತ್ತೆ ಹಾಕಿಸಿ.